ಮೂವತ್ತಾರಕ್ಕೆ ಮೂವತ್ತಾರು

ಭುವನಾಳ ಕೋಪ ನೆತ್ತಿಗೇರಿತ್ತು...

ದಾವಣಗೆರೆಯಲ್ಲಿ ಮನೆಯಿಂದಲೇ ಕುರ್ತಾ ಹೊಲಿದು ವಾಟ್ಸಾಪ್ ಗ್ರೂಪಿನಲ್ಲಿ ಮಾರುತ್ತಿದ್ದಳು ಅವಳು. ಸೈಜ್ ಚಾರ್ಟನ್ನೂ ತಾನೇ ಕೂತು ಮಾಡಿದ್ದಳು.

ಅಂಥದ್ದರಲ್ಲಿ ಅದೇ ಊರಿನ ಕೊಟ್ರಮ್ಮ ಎಂಬಾಕೆ, ಚಾರ್ಟ್ ನೋಡಿಯೇ ಮಗಳಿಗೆ ತರಿಸಿದ ಕುರ್ತಾ ಬಿಗಿ ಎಂದು ಗ್ರೂಪಿನಲ್ಲಿ ಹಾಕಿದ್ದರು. ಭುವನಾ ಎಲ್ಲರೆದುರೇ ಉತ್ತರ ಕೊಟ್ಟಿದ್ದಳು.

"ಚಾರ್ಟ್ ಸರಿ ಇದೆ ಮೇಡಂ. ಮೈ ಸರಿ ಇಲ್ಲ ಅನ್ಸುತ್ತೆ!"

ಜೊತೆಗೊಂದು ನಗುವ ಎಮೋಜಿ. ಗ್ರೂಪಿನವರೂ ನಕ್ಕರು.

ಎರಡು ವಾರದ ಮೇಲೆ ಕೊಟ್ರಮ್ಮ ಮತ್ತೆ ಬರೆದರು... "ಇವಳ ಹತ್ರ ಯಾರೂ ಬಟ್ಟೆ ತಗೋಬೇಡಿ. ಇವಳ ಚಾರ್ಟೇ ಸುಳ್ಳು."

ಸುಳ್ಳಾ?! ಭುವನಾ ಟೇಪನ್ನು ಬ್ಯಾಗಿಗೆ ತುರುಕಿ ಸ್ಕೂಟಿ ಹತ್ತಿದಳು. ಇವತ್ತು ಎದುರಿಗೇ ಅಳೆದು ತೋರಿಸಿ, ಆ ಹೆಂಗಸಿನ ಬಾಯಿ ಮುಚ್ಚಿಸಿಯೇ ಬರುತ್ತೇನೆ ಅಂದುಕೊಂಡಳು.

ಬಾಗಿಲು ತೆಗೆದ ಕೊಟ್ರಮ್ಮನ ಮುಖವೂ ಕೆಂಪಾಗಿತ್ತು.

"ಬರ್ರಿ... ನೀವೇ ಬಂದಿದ್ದು ಛಲೋ ಆತು."

"ಮಗಳನ್ನ ಕರೀರಿ. ಕುರ್ತಾನೂ ತರ್ಲಿ."

ಪಿಯುಸಿ ಓದುವ ಸಿಂಚನಾ ಕುರ್ತಾ ಹಿಡಿದು ಬಂದಳು. ಕಣ್ಣುಗಳು ಗುಳಿ ಬಿದ್ದಿದ್ದವು. ಭುವನಾ ಅದನ್ನೆಲ್ಲ ನೋಡುವ ಸ್ಥಿತಿಯಲ್ಲಿರಲಿಲ್ಲ.

ಹುಡುಗಿಯ ಎದೆಯ ಸುತ್ತ ಟೇಪ್ ಹಿಡಿದಳು. ಮೂವತ್ತಾರು.

ಕುರ್ತಾದ ಸುತ್ತಳತೆ ನೋಡಿದಳು. ಅದೂ ಮೂವತ್ತಾರು.

"ನೋಡ್ರೀ! ಮೂವತ್ತಾರಕ್ಕೆ ಮೂವತ್ತಾರು! ಈಗ ಹೇಳ್ರಿ, ಯಾರದ್ದು ಸುಳ್ಳು?"

ಗೆದ್ದ ಹುರುಪಿನಲ್ಲಿ ಹುಡುಗಿಗೆ ಅದನ್ನು ಹಾಕಿಕೊಂಡು ಬರಲು ಹೇಳಿದಳು. ಬಂದ ಮೇಲೆ, "ಕೈ ಎತ್ತಮ್ಮ" ಅಂದಳು.

ಸಿಂಚನಾ ಉಸಿರೆಳೆದುಕೊಂಡು ಕೈ ಎತ್ತಿದಳು... ಕಂಕುಳ ಹೊಲಿಗೆ ಪರ್ರನೆ ಬಿಚ್ಚಿತು.

"ಸಾರಿ ಆಂಟಿ... ಇನ್ನೊಂದು ಸ್ವಲ್ಪ ದಿನ ಊಟ ಬಿಟ್ರೆ ಸರಿ ಆಗ್ತತಿ..."

ಊಟ ಬಿಟ್ರೆ?

ಕೊಟ್ರಮ್ಮ ಸಿಡಿದೆದ್ದರು. "ಕೇಳಿಸ್ತೇನ್ರೀ? ನಿಮ್ಮ ಮೆಸೇಜ್ ಓದಿದಾಗಿಂದ ತಟ್ಟೆ ಮುಂದೆ ಕೂರಂಗಿಲ್ಲ ಇವಳು! ಮೊನ್ನೆ ಕಾಲೇಜಲ್ಲಿ ತಲೆ ತಿರುಗಿ ಬಿದ್ಲು. ಉಪವಾಸ ಇದ್ರೆ ಎದೆಗೂಡಿನ ಎಲುಬು ಕರಗ್ತಾವೇನ್ರೀ?"

ಭುವನಾ ಕೈಯಲ್ಲಿದ್ದ ಟೇಪನ್ನೇ ನೋಡಿದಳು... ಆಗ ಹೊಳೆಯಿತು.

ಮೈ ಮೂವತ್ತಾರಿದ್ದರೆ ಬಟ್ಟೆ ಅದಕ್ಕಿಂತ ಎರಡು ಮೂರು ಇಂಚಾದರೂ ಹೆಚ್ಚಿರಬೇಕು. ಕೂರುವುದಕ್ಕೆ, ಕೈ ಎತ್ತುವುದಕ್ಕೆ, ಉಸಿರಾಡುವುದಕ್ಕೆ.

ಭುವನಾ ತಾನು ಹೊಲಿದ ಬಟ್ಟೆಯನ್ನು ಅಳೆದು, ಅದನ್ನೇ ಚಾರ್ಟಿನಲ್ಲಿ 'ನಿಮ್ಮ ಮೈ ಅಳತೆ' ಎಂದು ಬರೆದುಬಿಟ್ಟಿದ್ದಳು. ಉಸಿರಿಗೆ ಜಾಗವನ್ನೇ ಇಟ್ಟಿರಲಿಲ್ಲ.

ತಪ್ಪು ತನ್ನದು. ಅದನ್ನು ಈ ಮಗುವಿನ ಮೈಮೇಲೆ ಹೊರಿಸಿ, ಊರೆಲ್ಲ ನಗುವ ಹಾಗೆ ಮಾಡಿದ್ದಳು! ಬಂದಿದ್ದ ಸಿಟ್ಟೆಲ್ಲ ತನ್ನ ಮೇಲೇ ತಿರುಗಿತು.

"ಬೇರೆ ಕುರ್ತಾ ಹೊಲಿದು ಕೊಡ್ತೀನಿ... ಇದನ್ನ ವಾಪಸ್ ತಗೋತೀನಿ..."

"ಕುರ್ತಾ ವಾಪಸ್ ತಗೋತೀರಿ. ಆ ಮಾತನ್ನ ಹೆಂಗ ವಾಪಸ್ ತಗೋತೀರಿ?"

ಭುವನಾ ನಿಂತಲ್ಲೇ ಫೋನ್ ತೆಗೆದು, ಅದೇ ಗ್ರೂಪಿನಲ್ಲಿ ಬರೆದಳು.

"ಆ ಹುಡುಗಿಯ ಮೈ ಸರಿ ಇದೆ. ನನ್ನ ಚಾರ್ಟ್ ತಪ್ಪು. ನಾನು ನಕ್ಕಿದ್ದು ಅದಕ್ಕಿಂತ ದೊಡ್ಡ ತಪ್ಪು."

ಈ ಸಲ ಎಮೋಜಿ ಇರಲಿಲ್ಲ.

ಸಿಂಚನಾ ಅಮ್ಮನ ಫೋನಿನಲ್ಲಿ ಅದನ್ನು ಓದಿದಳು. ಮತ್ತೊಮ್ಮೆ ಓದಿದಳು. ಕಣ್ಣೀರು ಫೋನಿನ ಮೇಲೆ ಬಿತ್ತು...

"ಅಮ್ಮಾ... ರೊಟ್ಟಿ ಐತಾ?"

ಕೊಟ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಓಡಿದರು.

ಭುವನಾಳಿಗೆ ಮಾತ್ರ ಯಾರೂ ಕೂರಲು ಹೇಳಲಿಲ್ಲ.

ಬಟ್ಟೆ ಮೈಗೆ ಹೊಂದಬೇಕು... ಮೈ ಬಟ್ಟೆಗಲ್ಲ.

ನೀವು ನಗುತ್ತಾ ಕಳಿಸಿದ ಯಾವ ಮಾತಿನಿಂದ ಯಾರ ಮನೆಯಲ್ಲಿ ತಟ್ಟೆಯ ಊಟ ಹಾಗೇ ಉಳಿದಿದೆ... ಒಮ್ಮೆಯಾದರೂ ಯೋಚಿಸಿದ್ದೀರಾ?