ಬೆನ್ನಿಯ ಫಾರ್ಮು

ಅಭ್ಯಾಸ ಪಂದ್ಯ ಮುಗಿದ ಮೇಲೆ ಆಸ್ಟಿನ್ ಟೌನ್ ಮೈದಾನದ ಪಕ್ಕದ ಟೀ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಬೆನ್ನಿಯದೇ ಮಾತು. ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಿದ್ದ ಅವನ ಹೆಣವನ್ನು ಮಣ್ಣು ಮಾಡುವ ಮೊದಲೇ ಫುಟ್‌ಬಾಲ್ ಕ್ಲಬ್ಬಿನವರು ಎಬ್ಬಿಸಿ ಆಡಿಸಿದ್ದರು. ಎರಡು ಗೋಲು ಹೊಡೆದಿದ್ದ.

"ಬದುಕಿದ್ದಾಗ ಸೆಕೆಂಡ್ ಹಾಫಲ್ಲಿ ಸುಸ್ತಾಗ್ತಿದ್ದ. ಈಗ ಏದುಸಿರೇ ಇಲ್ಲ" ಎಂದ ಜೊತೆ ಆಟಗಾರ ಎಬಿನೇಸರ್.

"ಬೇರೆ ಸತ್ತವರೆಲ್ಲ ದೊಡ್ಡ ಕ್ಲಬ್ಬುಗಳ ಪಾಲಾದ್ರು. ಇವನು ನಮ್ಮಲ್ಲೇ ಉಳಿದ. ನಿಯತ್ತು ಅಂದ್ರೆ ಇದು" ಎಂದ ಕ್ಲಬ್ಬಿನ ಪಳನಿ, ಮೂಲೆಯಲ್ಲಿ ಕೂತಿದ್ದ ಬೆನ್ನಿಯ ಅಪ್ಪ ಆರೋಗ್ಯಸ್ವಾಮಿಯತ್ತ ತಿರುಗಿ. "ಅಂಕಲ್, ಈ ಸೀಸನ್ನಿಗೆ ಒಪ್ಪಿಗೆ ಕೊಟ್ಬಿಡಿ. ಅವನಿಲ್ದೆ ಟೀಮ್ ಕಟ್ಟೋಕಾಗಲ್ಲ."

ಆರೋಗ್ಯಸ್ವಾಮಿ ಎದ್ದು ಬೇಲಿಯ ಹತ್ತಿರ ಹೋದರು. ಮಗ ಮೈದಾನದ ನಡುವೆ ಒಬ್ಬನೇ ನಿಂತಿದ್ದ. ತೆರೆದ ಕಣ್ಣಿನ ಮೇಲೆ ನೊಣ ಕೂತಿತ್ತು. "ಬೆನ್ನೀ" ಎಂದು ಕರೆದರು. ಅವನು ತಿರುಗಲಿಲ್ಲ. ಆಚೆಯಿಂದ ಕೋಚ್ ಸೀಟಿ ಊದಿದ ಕೂಡಲೇ ತಿರುಗಿ ಓಡಿದ.

ಅವರು ಅಂಗಡಿಗೆ ವಾಪಸ್ ಬಂದು, "ಇಲ್ಲಪ್ಪಾ, ಮಣ್ಣು ಮಾಡ್ತೀನಿ" ಎಂದರು.

"ನಿಮ್ಮಿಂದ ಈ ವರ್ಷ ಮುಳುಗಿಹೋದ್ವಿ" ಎಂದು ಪಳನಿ ಗ್ಲಾಸು ಕುಕ್ಕಿ ಎದ್ದುಹೋದ.

ಭಾನುವಾರ ಸ್ಮಶಾನಕ್ಕೆ ಕ್ಲಬ್ಬಿನವರಲ್ಲಿ ಒಬ್ಬರೂ ಬರಲಿಲ್ಲ. ಅಂದು ಇನ್ನೊಂದು ಅಭ್ಯಾಸ ಪಂದ್ಯವಿತ್ತು. ಪೆಟ್ಟಿಗೆ ಇಳಿಸಲು ಜನ ಸಾಲದೆ, ಆರೋಗ್ಯಸ್ವಾಮಿ ರಸ್ತೆಗೆ ಬಂದು, ದಾರಿಹೋಕರನ್ನು ಕೈಮುಗಿದು ಕರೆಯುತ್ತ ನಿಂತರು.