ದ್ಯಾಮವ್ವನ ನಿದ್ದೆ

ನಮ್ಮ ಓಣಿಯ ದ್ಯಾಮವ್ವ ನಿದ್ದೆ ಮಾರುತ್ತಾಳೆ. ಅವಳ ರಕ್ತದಿಂದ ದವಾಖಾನೆಯವರು ತೆಗೆಯುವ ಪೆಪ್ಟೈಡ್ ಎಂಬ ನಿದ್ದೆಯ ಸತ್ವವನ್ನು ಹನಿಹನಿಯಾಗಿ ಕುಡಿಯುವವನು ನಿದ್ದೆಗೆಟ್ಟ ನಾನು. ಅದರಿಂದ ನಿದ್ದೆ ಬರುತ್ತದೆ ಎಂಬುದಕ್ಕೇ ಪುರಾವೆ ಸಾಲದು, ಮಾರಿದವರ ಕನಸೂ ಜೊತೆಗೆ ಬರುತ್ತದೆ ಎಂಬುದಂತೂ ದೂರದ ಮಾತು ಎನ್ನುತ್ತಾರೆ ಡಾಕ್ಟರು. ದ್ಯಾಮವ್ವ ಕೇಳಬೇಕಲ್ಲ! ಮಾರತೊಡಗಿದ ಮೇಲೆ ಅವಳಿಗೆ ನಿದ್ದೆಯಿಲ್ಲ, ತೀರಿಹೋದ ಮಗಳ ಕನಸೂ ಇಲ್ಲ.

"ನಮ್ಮ ನಿಂಗಿ ನಿಮ್ಮ ಕನಸಿನ್ಯಾಗ ಬಂದಿದ್ಲೇನ್ರೀ? ಯಾವ ಲಂಗ ಹಾಕ್ಕೊಂಡಿದ್ಲು?" ಎಂದು ದಿನಾ ಬೆಳಿಗ್ಗೆ ಬಾಗಿಲಿಗೆ ಬರುತ್ತಾಳೆ.

"ಕೆಂಪು ಲಂಗ," ಎಂದೆ ಇವತ್ತು. ನಿಜವೆಂದರೆ, ಆ ಹನಿಯಿಂದ ನನಗೆ ಒಮ್ಮೆಯೂ ನಿದ್ದೆ ಬಂದಿರಲಿಲ್ಲ.

ಮಧ್ಯಾಹ್ನ, ನಾಳೆ ಯಾವ ಬಣ್ಣ ಹೇಳಲಿ ಎಂದು ಯೋಚಿಸುತ್ತಿದ್ದಂತೆಯೇ ಜೊಂಪು ಹತ್ತಿತು. ಹಳದಿ ಲಂಗದ ಹುಡುಗಿಯೊಬ್ಬಳು ಬಂದು ಪಕ್ಕದಲ್ಲಿ ಕೂತಳು.

"ಕಾಕಾ, ನಮ್ಮವ್ವ ಈಗ ಯಾಕ ಬರೂದಿಲ್ಲ?"