ಒರೆಸಿದ ಚುಕ್ಕೆ

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಓದಿದ ಮೇಲೆ ಫೋನ್ ಕೆಳಗಿಡಬೇಕು ಅನಿಸಿದರೆ ಇಟ್ಟುಬಿಡಿ, ನನಗೇನೂ ಬೇಜಾರಿಲ್ಲ.

ವರ್ಷಿಣಿ ಮೆಂಡನ್ ಉಡುಪಿ ಕಡೆಯ ಮೀನುಗಾರರ ಮನೆಯ ಹುಡುಗಿ. ಅಪ್ಪ ಸಣ್ಣ ದೋಣಿಯಲ್ಲಿ ಬಲೆ ಹಾಕಿ ಅವಳನ್ನು ಓದಿಸಿದರು. ಮಗಳು ದೊಡ್ಡ ಸರಕು ಹಡಗಿನಲ್ಲಿ ಥರ್ಡ್ ಆಫೀಸರ್ ಆದಳು.

ಆ ಮನೆಯಲ್ಲಿ ಎಲ್ಲರಿಗೂ ಒಂದೇ ಹೆದರಿಕೆ... ದೊಡ್ಡ ಹಡಗು!

ಮಳೆ ಮಬ್ಬಿನಲ್ಲಿ ಹಡಗಿನ ಸದ್ದು ಕೇಳಿದರೆ ಅಪ್ಪ ದೋಣಿಯಲ್ಲಿ ಎದ್ದು ನಿಂತು ಅನ್ನದ ಪಾತ್ರೆ ಬಡಿಯುತ್ತಿದ್ದರು. ಮೇಲಿದ್ದವರಿಗೆ ಕೇಳಿಸಿದರೆ ಬದುಕಿದರು... ಇಲ್ಲದಿದ್ದರೆ ದೇವರೇ ಗತಿ.

ಈಗ ಅವಳೇ ಮೇಲಿದ್ದವಳು. ಬೆಳಗಿನ ವಾಚ್ ಅವಳದ್ದು. ವಾಚ್ ಎಂದರೆ ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಎತ್ತರದ ಕೋಣೆಯಲ್ಲಿ ನಿಂತು ದಾರಿ ಕಾಯುವ ಕೆಲಸ.

ಆ ಹಡಗಿನ ಕ್ಯಾಪ್ಟನ್, ಮಂಗಳೂರಿನ ಡೆರಿಕ್ ಮಥಾಯಸ್ ಅವರಿಗೆ ಒಂದು ಹಠವಿತ್ತು. ಮಳೆ ಬರಲಿ, ಚಳಿ ಇರಲಿ, ಬ್ರಿಡ್ಜ್‌ನ ಪಕ್ಕದ ಬಾಗಿಲು ತೆರೆದೇ ಇರಬೇಕು.

"ಎ.ಸಿ.ಯಲ್ಲಿ ಕೂತು ಸಮುದ್ರ ಕಾಯ್ಲಿಕ್ಕೆ ಆಗ್ತದಾ? ಕಣ್ಣು ಮಾತ್ರ ಅಲ್ಲ ಮಾರಾಯ್ತಿ, ಕಿವಿಯೂ ಹೊರಗೆ ಇರ್ಬೇಕು" ಎನ್ನುತ್ತಿದ್ದರು.

ವಯಸ್ಸಾದವರಿಗೂ ಕಂಪ್ಯೂಟರಿಗೂ ಆಗಿಬರುವುದಿಲ್ಲ ಎಂದು ವರ್ಷಿಣಿ ಒಳಗೊಳಗೇ ನಗುತ್ತಿದ್ದಳು. ಟ್ರೈನಿಂಗ್‌ನಲ್ಲಿ ಸ್ಕ್ರೀನ್ ಮುಂದೆ ಅವಳದ್ದೇ ಫಸ್ಟ್ ರ‍್ಯಾಂಕ್. ಅಲ್ಲಿ ಸ್ಕ್ರೀನ್ ಮೇಲಿನ ನಕಲಿ ಹಡಗು ಗುದ್ದಿದರೆ ರೀಸೆಟ್ ಒತ್ತುತ್ತಿದ್ದರು... ಎಲ್ಲರೂ ನಕ್ಕು ಟೀ ಕುಡಿಯಲು ಹೋಗುತ್ತಿದ್ದರು.

ಅಂದು ಯಾವುದೋ ದೂರದ ಕರಾವಳಿ. ಇದ್ದಕ್ಕಿದ್ದಂತೆ ಮಳೆ ಸುರಿಯಿತು, ಹಡಗಿನ ಮೂತಿಯಾಚೆ ಏನೂ ಕಾಣದಾಯಿತು.

ಕ್ಯಾಪ್ಟನ್‌ರನ್ನು ಕರೆಯಬೇಕಿತ್ತು... ಕರೆಯಲಿಲ್ಲ.

ಜೊತೆಗೆ ನೋಡುತ್ತಿದ್ದ ನಾವಿಕನನ್ನು ನಿಲ್ಲಿಸಿಕೊಳ್ಳಬೇಕಿತ್ತು... "ಸ್ಕ್ರೀನ್ ಇದೆಯಲ್ಲ, ಟೀ ಕುಡಿದು ಬನ್ನಿ" ಎಂದು ಕಳಿಸಿದ್ದಳು.

ರೇಡಾರ್ ತುಂಬ ಅಲೆಗಳ ಚುಕ್ಕೆ, ಅಕ್ಕಿ ಚೆಲ್ಲಿದ ಹಾಗೆ. ಅವಳಿಗೆ ಕಿರಿಕಿರಿಯಾಯಿತು. ಅಲೆಗಳ ಚುಕ್ಕೆ ಕಡಿಮೆ ಮಾಡುವ ನಾಬ್ ಒಂದನ್ನು ಪೂರ್ತಿ ತಿರುಗಿಸಿದಳು. ಚುಕ್ಕೆಗಳೆಲ್ಲ ಮಾಯ... ಸ್ಕ್ರೀನ್ ತೊಳೆದಿಟ್ಟ ಹಾಗಾಯಿತು. ಎದುರಿಗೆ ಯಾರೂ ಇಲ್ಲ!

ಒಳಗೆ ನೀರು ಬರುತ್ತದೆಂದು ಬಾಗಿಲನ್ನೂ ಹಾಕಿಕೊಂಡಳು.

ಆಗ ಫೋನ್ ಬಂತು. ಕೆಳಗಿನ ಕ್ಯಾಬಿನ್‌ನಿಂದ ಕ್ಯಾಪ್ಟನ್.

"ಮಳೆ ಉಂಟಲ್ಲ, ನಾನು ಬರ್ತೇನೆ. ಬಾಗಿಲು ತೆರೆದುಂಟಾ?"

"ಉಂಟು ಸರ್" ಎಂದಳು. ಹಸಿ ಸುಳ್ಳು! ಸಿಕ್ಕಿಬೀಳುತ್ತೇನೆ ಎಂಬ ಭಯಕ್ಕೆ ಓಡಿಹೋಗಿ ಬಾಗಿಲು ತೆರೆದಳು.

ಮಳೆಯ ಸದ್ದಿನ ನಡುವೆ ಏನೋ ಕೇಳಿಸಿತು...

ಟಣ್... ಟಣ್... ಟಣ್...

ಈ ಸದ್ದು ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸ್ಕ್ರೀನ್ ನೋಡಿದಳು... ಖಾಲಿ. ಕಣ್ಣು ಕಿರಿದು ಮಾಡಿ ಹೊರಗೆ ನೋಡಿದಳು. ಮಳೆಯ ಪರದೆ ಒಂದು ಕ್ಷಣ ತೆಳುವಾಯಿತು... ನೇರ ಎದುರಿಗೆ ಒಂದು ಸಣ್ಣ ದೋಣಿ! ಅದರಲ್ಲಿ ಒಬ್ಬ ಎದ್ದು ನಿಂತು ಪಾತ್ರೆ ಬಡಿಯುತ್ತಿದ್ದ. ಇನ್ನೊಬ್ಬ ಸ್ಟಾರ್ಟ್ ಆಗದ ಎಂಜಿನ್‌ನ ಹಗ್ಗ ಎಳೆಯುತ್ತಿದ್ದ, ಎಳೆಯುತ್ತಲೇ ಇದ್ದ...

ಆಟೋ ಪೈಲಟ್ ತೆಗೆದು ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದಳು. ಹಾರ್ನ್ ಒತ್ತಿದಳು. ಆದರೆ ಅಷ್ಟು ದೊಡ್ಡ ಹಡಗು ನಾವು ಹೇಳಿದ ತಕ್ಷಣ ತಿರುಗುತ್ತದೆಯೇ?

ದೋಣಿ ಹತ್ತಿರ ಬಂತು... ಇನ್ನೂ ಹತ್ತಿರ... ಆಮೇಲೆ ಹಡಗಿನ ಮೂತಿಯ ಮರೆಗೆ ಹೋಗಿಬಿಟ್ಟಿತು. ಅಲ್ಲಿ ಏನಾಗುತ್ತಿದೆ ಎಂದು ಮೇಲಿನಿಂದ ಕಾಣುವುದೇ ಇಲ್ಲ.

ಪಾತ್ರೆಯ ಸದ್ದೂ ನಿಂತಿತು.

"ಅಪ್ಪಾ..." ಎಂದು ಕಿರುಚಿದಳು. ಯಾಕೆ ಹಾಗೆ ಕಿರುಚಿದೆ ಎಂದು ಅವಳಿಗೇ ಗೊತ್ತಿಲ್ಲ. ಇಲ್ಲಿ ಯಾವ ರೀಸೆಟ್ ಇದೆ ಒತ್ತಲು?

ಹಡಗು ನಿಧಾನವಾಗಿ ಹೊರಳಿತು. ಎಡಗಡೆಯಿಂದ ದೋಣಿ ಹೊರಬಂತು! ಬಲಕ್ಕೆ ಹೊರಳುವಾಗ ಹಡಗಿನ ಹಿಂಭಾಗ ಎಡಕ್ಕೆ ಬೀಸುತ್ತದೆ; ಅದು ದೋಣಿಗೆ ಬಡಿಯದಿರಲೆಂದು ಅವಳು ಸ್ಟೀರಿಂಗನ್ನು ಮತ್ತೆ ಎಡಕ್ಕೆ ತಿರುಗಿಸಿದಳು. ದೋಣಿ ಅಲೆಯಲ್ಲಿ ಎದ್ದುಬಿದ್ದು ಹಡಗಿನ ಪಕ್ಕದಲ್ಲೇ ಜಾರಿಹೋಯಿತು.

ಪಾತ್ರೆ ಹಿಡಿದವನು ಮೇಲೆ ನೋಡಿದ. ಪಾತ್ರೆಯನ್ನು ಕಂಕುಳಲ್ಲಿ ಇರುಕಿಕೊಂಡು ಎರಡೂ ಕೈ ಜೋಡಿಸಿದ...

ಕೊಲ್ಲಲು ಹೊರಟಿದ್ದವಳಿಗೆ ಕೈ ಮುಗಿದ!

ಏದುಸಿರು ಬಿಡುತ್ತಾ ಕ್ಯಾಪ್ಟನ್ ಮೇಲೆ ಬಂದರು. ಅವಳು ಎಲ್ಲವನ್ನೂ ಹೇಳಿಬಿಟ್ಟಳು, ಬಾಗಿಲಿನ ಸುಳ್ಳನ್ನೂ ಸೇರಿಸಿ. ಅವರು ಬೈಯಲಿಲ್ಲ. ಆ ನಾಬನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದರು.

ಸ್ಕ್ರೀನ್ ಮೇಲೆ ಅಲೆಗಳ ಚುಕ್ಕೆಗಳು ಮತ್ತೆ ಮೂಡಿದವು. ಅವುಗಳ ನಡುವೆ, ಹಡಗಿನ ಹಿಂದೆ, ಅಲೆಯ ಚುಕ್ಕೆಯಂತೆ ಮಾಯವಾಗದೆ ನಿಂತ ಇನ್ನೊಂದು ಚುಕ್ಕೆ... ಆ ದೋಣಿ!

"ನೋಡು, ಮೆಷಿನ್‌ಗೆ ಕಂಡಿತ್ತು. ನಿನಗೆ ಬೇಡ ಅಂತ ನೀನೇ ಒರೆಸಿದ್ದು."

ವರ್ಷಿಣಿ ತೆರೆದ ಬಾಗಿಲಿಗೆ ಹೋಗಿ ಮಳೆಯಲ್ಲೇ ಕಿವಿಗೊಟ್ಟು ನಿಂತಳು.

ಬಂದರು ಸಿಕ್ಕ ಕೂಡಲೇ ಮನೆಗೆ ಫೋನ್ ಮಾಡಿದಳು.

"ಅಪ್ಪಾ, ದೊಡ್ಡ ಹಡಗು ಬಂದ್ರೆ ಈಗಲೂ ಪಾತ್ರೆ ಬಡೀತೀರಲ್ಲ?"

ಅಪ್ಪ ನಕ್ಕರು. "ಇಲ್ಲ ಮಗಾ. ನೀನು ಹಡಗಿಗೆ ಸೇರಿದ ಮೇಲೆ ಬಿಟ್ಟೆ. ಇನ್ನು ಎಂತ ಹೆದರಿಕೆ? ಮೇಲೆ ನಿನ್ನ ಹಾಗಿನವರು ಯಾರಾದ್ರೂ ನೋಡ್ತಾ ಇರ್ತಾರಲ್ಲ..."

ಅವಳಿಗೆ ಅಳು ತಡೆಯಲಾಗಲಿಲ್ಲ.

"ಬಡೀರಿ ಅಪ್ಪಾ... ನನ್ನಾಣೆ... ಇನ್ನೂ ಜೋರಾಗಿ ಬಡೀರಿ!"

.

*ಸ್ಕ್ರೀನ್ ಖಾಲಿ ಇದ್ದ ಮಾತ್ರಕ್ಕೆ ಸಮುದ್ರ ಖಾಲಿ ಇರುವುದಿಲ್ಲ.*

.

ನಮ್ಮನ್ನು ನಂಬಿ ಪಾತ್ರೆ ಬಡಿಯುವುದನ್ನೇ ಬಿಟ್ಟವರು ನಮ್ಮ ಮನೆಯಲ್ಲೂ ಇದ್ದಾರೆಯೇ... ನಾವು ಅವರ ಕಡೆ ಕೊನೆಯ ಬಾರಿ ಕಣ್ಣೆತ್ತಿ ನೋಡಿದ್ದು ಯಾವಾಗ?